ಜವರಮ್ಮ ನೋಡಬೇಕೆಂದ ದಾರಿ

ಊರಿಗೆ ವಾಪಸು ಹೋಗುವ ವಿಮಾನ ಟೋಕಿಯೊ ಮೂಲಕ ಹೋಗುತ್ತದೆ, ಬೇಕೆಂದರೆ ಅಲ್ಲಿ ಒಂದು ವಾರ ಇಳಿದುಕೊಂಡು ಹೋಗಬಹುದು ಎಂದು ಬಿಂದುಶ್ರೀ ಹೇಳಿದ್ದು ಊಟದ ನಡುವೆ, ಸುಮ್ಮನೆ ಮಾತಿಗೆ. ಅವಳ ಅಪ್ಪ ಕೆಂಪರಾಜು ಮತ್ತು ಅವ್ವ ಜವರಮ್ಮ ಮಂಡ್ಯದಿಂದ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸನ್ನಿವೇಲಿನ ಅವಳ ಅಪಾರ್ಟ್‌ಮೆಂಟಿಗೆ ಬಂದು ಆಗಿನ್ನೂ ಕೆಲವೇ ದಿನಗಳಾಗಿದ್ದವು. ಎರಡು ಸಾವಿರದ ಇಸವಿಯ ಅಕ್ಟೋಬರ್ ತಿಂಗಳು. ಏಪ್ರಿಲ್‌ವರೆಗೆ ಇದ್ದು ಹೊರಡುವವರು. ಹೋಗುವಾಗ ತಾನೂ ಒಂದು ವಾರ ರಜೆ ಹಾಕಿ ಜಪಾನಿನವರೆಗೆ ಜೊತೆಗೆ ಹೋದರೆ ಅಪ್ಪನಿಗೆ ಬುಲೆಟ್ ರೈಲು ತೋರಿಸಬಹುದು ಎಂದಷ್ಟೇ ಅವಳ ಯೋಚನೆಯಾಗಿತ್ತು.

"ನೋಡಾನ ಬುಡು," ಎಂದು ಕೆಂಪರಾಜು ಸಾರು ಬಡಿಸಿಕೊಂಡರು.

ಜವರಮ್ಮ ಮಾತ್ರ ಕೈ ನಿಲ್ಲಿಸಿದರು. "ಅಲ್ಲಿ ಬೆಟ್ಟದೊಳಗೆ ಒಂದು ಹಳೇ ರಸ್ತೆ ಐತಂತೆ ಕಣೆ. ಕಲ್ಲು ಹಾಸಿರೋದು. ಹಿಂದಿನ ಕಾಲದಲ್ಲಿ ರಾಜರ ಕಡೆಯೋರು, ವ್ಯಾಪಾರದೋರು ಎಲ್ಲ ಅದರಲ್ಲೇ ನಡಕೊಂಡು ಹೋಗ್ತಿದ್ದರಂತೆ. ಅದನ್ನ ತೋರುಸ್ತೀಯಾ?"

ಬಿಂದುಶ್ರೀಗೆ ಆಶ್ಚರ್ಯವಾಯಿತು. ಬಂದ ದಿನದಿಂದ ಗೋಲ್ಡನ್ ಗೇಟಿಗೆ ಹೋಗೋಣವೇ, ಸಮುದ್ರಕ್ಕೆ ಹೋಗೋಣವೇ ಎಂದು ಏನು ಕೇಳಿದರೂ ಅವ್ವನದು ಒಂದೇ ಉತ್ತರ: "ನಿಮ್ಮಪ್ಪ ಎಲ್ಲಿ ಅಂದ್ರೆ ಅಲ್ಲಿ." ಈಗ ಅವ್ವ ತಾನಾಗಿ ಒಂದು ಜಾಗದ ಮಾತೆತ್ತಿದ್ದಳು.

"ಯಾರು ಹೇಳಿದ್ರವ್ವ ನಿಂಗೆ?"

"ಹಯಾಶಿಯೋರು."

ಹಯಾಶಿ ಯಾರೆಂದು ಬಿಂದುಶ್ರೀಗೆ ನೆನಪಿತ್ತು. ಜವರಮ್ಮ ರೇಷ್ಮೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಳವಳ್ಳಿ ಕಡೆಯ ಒಂದು ಚಾಕಿ ಕೇಂದ್ರದಲ್ಲಿ ಮರಿಹುಳುಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಬಿಡುವವರೆಗೆ, ಸಾಕಿ ರೈತರಿಗೆ ಕೊಡುವುದು, ಆಮೇಲೆ ಹಳ್ಳಿಹಳ್ಳಿಗೆ ಹೋಗಿ ಹುಳು ಹೇಗಿವೆ ಎಂದು ನೋಡಿ ಬರುವುದು ಅವರ ಕೆಲಸವಾಗಿತ್ತು. ಬಿಂದುಶ್ರೀ ಇಂಜಿನಿಯರಿಂಗ್ ಓದುತ್ತಿದ್ದಾಗ ಜಪಾನಿನಿಂದ ಹಯಾಶಿ ಎಂಬ ರೇಷ್ಮೆ ತಜ್ಞರು ಬಂದು ಎರಡು ವರ್ಷ ಆ ಕೇಂದ್ರದಲ್ಲಿದ್ದರು. ಐವತ್ತು ದಾಟಿದ ಸಣಕಲು ಮನುಷ್ಯ. ಇಲಾಖೆಯ ಜೀಪು ಬಂದ ದಿನಕ್ಕಿಂತ ಬಾರದ ದಿನಗಳೇ ಹೆಚ್ಚು. ಇಬ್ಬರೂ ಗದ್ದೆಯ ಬದುವಿನ ಮೇಲೆ, ನಾಲೆಯ ಏರಿಯ ಮೇಲೆ ನಡೆದೇ ಹಳ್ಳಿ ಸುತ್ತುತ್ತಿದ್ದರು. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಹಯಾಶಿ ತಮ್ಮ ಸೀಮೆಯ ಬೆಟ್ಟಗಳ ಕತೆ ಹೇಳುತ್ತಿದ್ದರು. ಅವರ ಅಜ್ಜಿ ರೇಷ್ಮೆಗೂಡಿನ ಮೂಟೆ ಹೊತ್ತು ಆ ಕಲ್ಲುದಾರಿಯಲ್ಲಿ ನಡೆದು ಪೇಟೆಗೆ ಹೋಗುತ್ತಿದ್ದಳಂತೆ. ಅಲ್ಲಲ್ಲಿ ಕೂತು ಚಹಾ ಕುಡಿಯಲು ಜಾಗ ಇರುತ್ತಿತ್ತಂತೆ.

"ಅವರಿಗೆ ಬರೀಲಾ ಹಾಗಾದ್ರೆ?" ಎಂದು ಬಿಂದುಶ್ರೀ ಕೇಳಿದಳು.

"ಅವರಿಲ್ಲ. ಹೋದ ವರ್ಷ ತೀರಿಕೊಂಡರು ಅಂತ ಅವರ ಹೆಂಡತಿ ಕಾರ್ಡು ಹಾಕಿದ್ರು. ಅವರಿಲ್ಲದಿದ್ರೇನು, ರಸ್ತೆ ಐತಲ್ಲ."

ಮಾರನೆಯ ದಿನ ಆಫೀಸಿನಲ್ಲಿ ಬಿಂದುಶ್ರೀ ಹುಡುಕಿದಳು. ಮನೆ ಬದಲಾಯಿಸುವವರಿಗೆ ಇಂಟರ್ನೆಟ್ಟಿನ ಮೂಲಕ ಲಾರಿ ಗೊತ್ತುಮಾಡಿ ಕೊಡುವ ಕಂಪನಿ ಅವಳದು. ಅಲ್ಲಿ ಯಾವ ಲಾರಿ ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂಬ ಪ್ರೋಗ್ರಾಮು ಬರೆಯುವವಳೇ ಅವಳು. ಹೀಗಾಗಿ ಒಂದು ಪ್ರಯಾಣವನ್ನು ಭಾಗ ಮಾಡಿ ಜೋಡಿಸುವುದು ಅವಳಿಗೆ ಇಷ್ಟದ ಕೆಲಸ. ಕ್ಯೋಟೋದಿಂದ ಹಳೆಯ ಟೋಕಿಯೊವರೆಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ ದಾರಿಯ ಹೆಸರು ನಾಕಾಸೆಂಡೊ. ಅದರಲ್ಲಿ ಕಿಸೊ ಎಂಬ ಕಣಿವೆಯ ಭಾಗ ಇನ್ನೂ ಹಾಗೇ ಉಳಿದಿದೆ. ದಾರಿಯುದ್ದಕ್ಕೂ ಹಿಂದಿನವರು ರಾತ್ರಿ ತಂಗುತ್ತಿದ್ದ ಪುಟ್ಟ ಊರುಗಳು, ಮರದ ಮನೆಗಳು. ವಾರ ಮುಗಿಯುವುದರೊಳಗೆ ಅವಳು ಐದು ದಿನ ನಡೆಯುವ ಒಂದು ಪ್ಲಾನು ಮಾಡಿ, ಬುಕಿಂಗೂ ಮಾಡಿ, ಪ್ರಿಂಟು ತೆಗೆದು, ಫೈಲಿಗೆ ಹಾಕಿ ಊಟದ ಟೇಬಲ್ಲಿನ ಮೇಲೆ ಇಟ್ಟಳು.

ಜವರಮ್ಮ ಕನ್ನಡಕ ಹಾಕಿಕೊಂಡು ನಕ್ಷೆ ನೋಡಿದರು. ಕೆಂಪರಾಜು ಐದು ದಿನ ಎಂಬುದನ್ನು ಎರಡು ಸಲ ಓದಿದರು.

ಕೆಂಪರಾಜು ಸಕ್ಕರೆ ಕಾರ್ಖಾನೆಯ ತೂಕದ ವಿಭಾಗದಲ್ಲಿ ಗುಮಾಸ್ತರಾಗಿದ್ದವರು. ಕೂತು ಮಾಡುವ ಕೆಲಸ, ಮನೆಯಿಂದ ಕಾರ್ಖಾನೆಗೆ ಸೈಕಲ್ಲು. ನಲವತ್ತು ವರ್ಷ ಸಿಗರೇಟು ಸೇದಿದವರು. ಬಿಟ್ಟೆ ಎಂದು ಹೇಳುತ್ತಿದ್ದರು. ಅಪಾರ್ಟ್‌ಮೆಂಟಿನ ಹಿಂದಿನ ಮೆಟ್ಟಿಲ ಬಳಿ ಬೂದಿ ಕಂಡಾಗ ಬಿಂದುಶ್ರೀ ಪಕ್ಕದ ಮನೆಯವರದೆಂದು ತಿಳಿದಳು.

ಅಭ್ಯಾಸವಾಗಲಿ ಎಂದು ಪ್ರತಿ ಶನಿವಾರ ಅವಳು ಇಬ್ಬರನ್ನೂ ನಡಿಗೆಗೆ ಕರೆದುಕೊಂಡು ಹೋಗತೊಡಗಿದಳು. ಮೊದಲನೆಯದು ಲಾಸ್ ಗ್ಯಾಟೋಸ್‌ನ ಹಳ್ಳದ ಪಕ್ಕದ ದಾರಿ. ಜವರಮ್ಮ ಸೀರೆಯ ಕೆಳಗೆ ಬಿಳಿ ಸ್ನೀಕರ್ಸ್ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟರೆ ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಕೆಂಪರಾಜು ಮಾತ್ರ ಸ್ವಲ್ಪ ದೂರ ಬಿರಬಿರನೆ ನಡೆಯುವರು, ಆಮೇಲೆ ನಿಲ್ಲುವರು. ನೀರಿನಲ್ಲಿ ಬಾತುಕೋಳಿ ಇದ್ದರೆ ಬಾತುಕೋಳಿ ನೋಡುವರು. ಅದಿಲ್ಲದಿದ್ದರೆ ಬೋರ್ಡು ಓದುವರು. ನಾಯಿ ಹಿಡಿದುಕೊಂಡು ಬಂದವರನ್ನು ನಿಲ್ಲಿಸಿ ಅದರ ಹೆಸರು ಕೇಳುವರು.

"ಅಪ್ಪ, ಬನ್ನಿ," ಎಂದು ಬಿಂದುಶ್ರೀ ಕೂಗುವಳು.

"ಬತ್ತೀನಿ ನಡಿಯವ್ವ. ಏನು ಅವಸರ? ಯಾರಾದ್ರೂ ಅಟ್ಟಿಸ್ಕಂಡು ಬತ್ತಾವ್ರಾ?"

ಅಪ್ಪನಿಗೆ ಎಲ್ಲದರಲ್ಲೂ ಕುತೂಹಲ ಎಂದು ಅವಳು ಆಫೀಸಿನಲ್ಲಿ ಹೇಳಿಕೊಂಡು ನಕ್ಕಳು.

ಡಿಸೆಂಬರಿನಲ್ಲಿ ಒಂದು ಶನಿವಾರ ಮಾರ್ಗನ್ ಹಿಲ್ ಕಡೆಯ ಗುಡ್ಡಕ್ಕೆ ಹೋದರು. ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಕೆಂಪರಾಜು ನಿಂತರು. ಅಲ್ಲಿ ನೋಡಲು ಏನೂ ಇರಲಿಲ್ಲ, ಒಣಹುಲ್ಲು ಮತ್ತು ಒಂದು ಬೇಲಿ. ಬೇಲಿ ಹಿಡಿದು ನಿಂತುಕೊಂಡು, ಇದ್ದಕ್ಕಿದ್ದಂತೆ ಜೋರಾಗಿ ಹೇಳಿದರು:

"ನಂಗೆ ಈ ಜಪಾನು ಗಿಪಾನು ಏನೂ ಬೇಡ. ಮಾಡಕ್ಕೆ ಕೆಲಸ ಇಲ್ದೋರು ಹೋಗಿ ಕಲ್ಲು ತುಳೀತಾರೆ. ನೀವಿಬ್ರೂ ಹೋಗಾದಿದ್ರೆ ಹೋಗಿ. ನಾನು ನೇರವಾಗಿ ಊರಿಗೆ ಹೋಯ್ತೀನಿ."

"ಯಾಕಪ್ಪ, ಏನಾಯ್ತು ಈಗ?"

"ಏನೂ ಆಗ್ಲಿಲ್ಲ. ಬೇಡ ಅಂದ್ರೆ ಬೇಡ."

ಜವರಮ್ಮ ಮೇಲಿನ ತಿರುವಿನಲ್ಲಿ ನಿಂತಿದ್ದರು. ಅವರಿಗೆ ಎಲ್ಲವೂ ಕೇಳಿಸಿತ್ತು. ಇಳಿದು ಬಂದರು, ಗಂಡನ ಮುಖ ನೋಡದೆ ಮುಂದೆ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತರು.

ಆ ಸಂಜೆ ಕೆಂಪರಾಜು ಟೀವಿ ಮುಂದೆ ಇದ್ದಾಗ ಜವರಮ್ಮ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಮಗಳಿಗೆ ಹೇಳಿದರು: "ಕ್ಯಾನ್ಸಲ್ ಮಾಡ್ಬುಡು."

"ಅಪ್ಪ ಏನೋ ಬೇಜಾರಲ್ಲಿ ಅಂದಿದ್ದಾರೆ ಅವ್ವ."

"ಬೇಜಾರಲ್ಲ. ಅದು ಬೇರೆ." ಜವರಮ್ಮ ದಂಟನ್ನು ಮುರಿದು ಒಂದು ಪಕ್ಕಕ್ಕೆ ಹಾಕಿದರು. "ಹಯಾಶಿಯೋರ ಜೊತೆ ನಾನು ಹಳ್ಳಿ ಸುತ್ತುವಾಗ ಜನ ಒಂದೊಂದು ಮಾತಾಡಿದ್ರು. ನಿಂಗೆ ಗೊತ್ತಿಲ್ಲ, ನೀನು ಹಾಸ್ಟೆಲ್‌ನಲ್ಲಿದ್ದೆ. ಕೇಂದ್ರದ ಕೆಂಪಮ್ಮ ಬಂದು ನನ್ನ ಮುಖಕ್ಕೇ ಹೇಳಿದ್ಲು. ನಿಮ್ಮಪ್ಪ ಮಾತ್ರ ಅವತ್ತು ಒಂದು ಮಾತೂ ಆಡಲಿಲ್ಲ. ಹಯಾಶಿಯೋರನ್ನ ಮನೆಗೆ ಕರೆದು ಮುದ್ದೆ ಇಕ್ಕಿದ್ರು. ನಾನು ಎಷ್ಟು ದೊಡ್ಡ ಮನಸ್ಸು ಅಂದ್ಕಂಡಿದ್ದೆ. ಮನಸ್ಸಲ್ಲೇ ಇಟ್ಕಂಡಿದ್ರು ಅಂತ ಈಗ ಗೊತ್ತಾಯ್ತಲ್ಲ."

ಅಪ್ಪನನ್ನು ಕೇಳುವುದು ಹೇಗೆ? ಕೇಳಿದರೆ ಇಲ್ಲದ್ದನ್ನು ಎಬ್ಬಿಸಿದ ಹಾಗಾದೀತು. ಬಿಂದುಶ್ರೀ ಫೈಲನ್ನು ಎತ್ತಿ ಪುಸ್ತಕದ ಶೆಲ್ಫಿನ ಮೇಲಿಟ್ಟಳು. ಬುಕಿಂಗು ಮಾತ್ರ ಕ್ಯಾನ್ಸಲ್ ಮಾಡಲಿಲ್ಲ.

ಒಂದು ತಿಂಗಳು ಮನೆಯಲ್ಲಿ ಹೀಗೇ ನಡೆಯಿತು. ಜವರಮ್ಮ ಗಂಡನಿಗೆ ಹೊತ್ತು ಹೊತ್ತಿಗೆ ಊಟಕ್ಕಿಡುತ್ತಿದ್ದರು, ಕಾಫಿ ಕೊಡುತ್ತಿದ್ದರು, ಮಾತು ಮಾತ್ರ ಇಲ್ಲ. ಕೆಂಪರಾಜು ತಾನು ಬಯ್ದಿದ್ದಕ್ಕೆ ಕೋಪ ಎಂದು ತಿಳಿದುಕೊಂಡು ಸುಮ್ಮನಿದ್ದರು. ಶನಿವಾರದ ನಡಿಗೆ ನಿಂತುಹೋಯಿತು.

ಸಂಕ್ರಾಂತಿಯ ಭಾನುವಾರ ವಾಲ್ನಟ್ ಕ್ರೀಕ್‌ನಲ್ಲಿದ್ದ ಸತ್ಯವತಿ ಊಟಕ್ಕೆ ಕರೆದರು. ಮೈಸೂರಿನ ಕಡೆಯವರು, ಡಾಕ್ಟರು, ಬಿಂದುಶ್ರೀಗೆ ಕನ್ನಡ ಕೂಟದಲ್ಲಿ ಪರಿಚಯ. ಊಟವಾದ ಮೇಲೆ ಬಿಸಿಲು ಚೆನ್ನಾಗಿದೆ, ಪೇಟೆಯ ಕಡೆ ಒಂದು ಸುತ್ತು ಹೋಗಿ ಬರೋಣ ಎಂದು ಸತ್ಯವತಿಯೇ ಹೊರಡಿಸಿದರು. ಅಗಲವಾದ ಫುಟ್‌ಪಾತು, ಎರಡೂ ಕಡೆ ಗಾಜಿನ ಅಂಗಡಿಗಳು. ಹೆಂಗಸರು ಮೂವರೂ ಮಾತಾಡುತ್ತ ನಡೆದರು. ಕೆಂಪರಾಜು ಹಿಂದೆ ಬರುತ್ತಿದ್ದರು.

ಮೊದಲು ಅವರು ಬೂಟಿನ ಅಂಗಡಿ ಮುಂದೆ ನಿಂತರು. ಆಮೇಲೆ ಹಾಸಿಗೆ ಅಂಗಡಿ. ಅಲ್ಲಿಂದ ಸ್ವಲ್ಪ ದೂರ ಬಂದು, ಎಳೆಮಕ್ಕಳ ಬಟ್ಟೆಯ ಅಂಗಡಿಯ ಗಾಜಿನ ಮುಂದೆ ಕೈಕಟ್ಟಿಕೊಂಡು ಬಹಳ ಹೊತ್ತು ನಿಂತರು. ಬಿಂದುಶ್ರೀಗೆ ಮುಜುಗರವಾಯಿತು. ಮೂವತ್ತು ದಾಟಿದ ಮದುವೆಯಾಗದ ಮಗಳ ಮುಂದೆ ಅಪ್ಪ ಬೇಕೆಂದೇ ಹೀಗೆ ನಿಂತಿದ್ದಾರೆಂದು ಅವಳಿಗೆ ಅನಿಸಿತು. ಅಷ್ಟರಲ್ಲಿ ಅವರು ಅಲ್ಲಿಂದ ಹೊರಟು, ಮುಂದಿನ ಮೂಲೆಯಲ್ಲಿ ಹೆಂಗಸರ ಒಳಉಡುಪಿನ ಅಂಗಡಿಯ ಮುಂದೆ ಅಷ್ಟೇ ಗಂಭೀರವಾಗಿ ನಿಂತರು.

"ಅಯ್ಯೋ ಶಿವನೆ!" ಎಂದರು ಜವರಮ್ಮ. ಒಂದು ತಿಂಗಳಿನಲ್ಲಿ ಗಂಡನ ಬಗ್ಗೆ ಅವರು ಆಡಿದ ಮೊದಲ ಮಾತು ಅದು.

ಸತ್ಯವತಿ ನಗಲಿಲ್ಲ. ಹಿಂದಕ್ಕೆ ನಡೆದು ಹೋಗಿ ಕೆಂಪರಾಜು ಪಕ್ಕದಲ್ಲಿ ನಿಂತರು. "ಸಾರ್, ಯಾವ ಕಾಲು?"

ಕೆಂಪರಾಜು ಬೆಚ್ಚಿ ನೋಡಿದರು. "ಏನಮ್ಮ?"

"ನೋವು. ಎಡಗಾಲಾ, ಬಲಗಾಲಾ?"

ಅವರು ಹೆಂಡತಿ ನಿಂತಿದ್ದ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ, "ಎರಡೂನೂವೆ. ಎಡಗಾಲು ಜಾಸ್ತಿ," ಎಂದರು.

"ಮೀನಖಂಡದಲ್ಲಿ ಹಿಡಿದುಕೊಳ್ಳುತ್ತಾ? ನಿಂತರೆ ಹೋಗುತ್ತಾ?"

"ನಿಂತ್ರೆ ಹೋಯ್ತದೆ. ಮತ್ತೆ ನಡೆದ್ರೆ ಬತ್ತದೆ."

"ಎಷ್ಟು ದಿನದಿಂದ?"

"ಹೋದ ಯುಗಾದಿ ಕಡೆಯಿಂದ ಇರಬೌದು."

ಅದೇ ವಾರ ಸತ್ಯವತಿ ಅವರನ್ನು ತಮ್ಮ ಕ್ಲಿನಿಕ್ಕಿಗೆ ಕರೆಸಿ, ಕೈಯಲ್ಲಿ ನೋಡುವಂತೆ ಕಾಲಿನಲ್ಲೂ ಬಿ.ಪಿ. ನೋಡಿದರು. ಕಾಲಿನದು ಕೈಯದಕ್ಕಿಂತ ಬಹಳ ಕಡಿಮೆ ಬಂತು. ಕಾಲಿನ ರಕ್ತನಾಳಗಳು ಒಳಗೆ ಕಿರಿದಾಗಿವೆ, ನಡೆಯುವಾಗ ಸ್ನಾಯುವಿಗೆ ಬೇಕಾದಷ್ಟು ರಕ್ತ ಹೋಗುತ್ತಿಲ್ಲ, ಅದಕ್ಕೇ ನೋವು ಎಂದು ವಿವರಿಸಿದರು. ಹೃದಯವನ್ನೂ ನೋಡಿಸಿದರು, ಅದು ಪರವಾಗಿಲ್ಲ ಎಂದು ಬಂತು.

"ಇದಕ್ಕೆ ಡಾಕ್ಟರುಗಳಲ್ಲಿ ಒಂದು ಅಡ್ಡಹೆಸರಿದೆ, ಸಾರ್," ಎಂದರು ಸತ್ಯವತಿ. "ಅಂಗಡಿ ಕಿಟಕಿ ಕಾಯಿಲೆ ಅಂತ. ನೋವು ತೋರಿಸಿಕೊಳ್ಳಬಾರದು ಅಂತ ಎಲ್ಲರೂ ಅಂಗಡಿ ನೋಡ್ತಾ ನಿಂತುಕೊಳ್ಳುತ್ತಾರೆ. ನಿಮ್ಮೊಬ್ಬರದೇ ಅಲ್ಲ."

ಕೆಂಪರಾಜು ತಲೆ ತಗ್ಗಿಸಿಕೊಂಡು ನಕ್ಕರು. "ಔಷಧಿ ಏನಮ್ಮ?"

"ಮಾತ್ರೆ ಕೊಡ್ತೀನಿ. ಸಿಗರೇಟು ಇವತ್ತೇ ಬಿಡಬೇಕು, ಮನೆ ಹಿಂದೆ ಕದ್ದು ಸೇದೋದೂ ಸೇರಿ. ಆದರೆ ದೊಡ್ಡ ಔಷಧಿ ಅಂದ್ರೆ ನಡೆಯೋದು. ನೋವು ಚೆನ್ನಾಗಿ ಬರೋವರೆಗೂ ನಡೀರಿ, ನಿಲ್ಲಿ, ಪೂರ್ತಿ ಹೋದ ಮೇಲೆ ಮತ್ತೆ ನಡೀರಿ. ದಿನಾ. ಹಾಗೆ ಮಾಡಿದರೆ ಕಾಲು ತಾನೇ ಬೇರೆ ದಾರಿ ಮಾಡಿಕೊಳ್ಳುತ್ತೆ."

"ನೋವು ಬರಕ್ಕೇ ನಡೀಬೇಕಾ? ಇದೊಳ್ಳೆ ಔಷಧಿ!"

ಮನೆಗೆ ಬಂದ ಮೇಲೆ ಜವರಮ್ಮ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದರು. "ಬಾಯಿ ಬಿಟ್ಟು ಹೇಳಕ್ಕೇನಾಗಿತ್ತು ನಿಮಗೆ?"

"ಹೇಳಿದ್ರೆ ನೀನು ಹೋಗ್ತಿದ್ಯಾ?" ಎಂದರು ಕೆಂಪರಾಜು. "ಅಪ್ಪಂಗೆ ಕಾಲು ನೋವು ಅಂತ ಅವಳೂ ಕ್ಯಾನ್ಸಲ್ ಮಾಡೋಳು, ನೀನೂ ಬೇಡ ಅನ್ನೋಳು. ನಂಗೆ ಇಷ್ಟ ಇಲ್ಲ ಅಂದ್ರೆ, ಇವರ ಹಣೆಬರಹ ಅಂತ ನನ್ನ ಬಿಟ್ಟು ನೀವಿಬ್ರೂ ಹೋಗ್ತೀರ ಅಂದ್ಕಂಡೆ."

ಜವರಮ್ಮ ಸೋಫಾದ ಅಂಚಿನಲ್ಲಿ ಕೂತರು. "ಹಂಗಾದ್ರೆ ಹಯಾಶಿಯೋರ ವಿಚಾರಕ್ಕಲ್ವಾ?"

"ಹಯಾಶಿಯೋರ ಯಾವ ವಿಚಾರ?"

ಕೆಂಪರಾಜು ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು. ನಿಧಾನವಾಗಿ ಅವರಿಗೆ ಅರ್ಥವಾಯಿತು. ಬಿಂದುಶ್ರೀ ಎದ್ದು ಅಡುಗೆಮನೆಗೆ ಹೋದಳು. ಒಂದೇ ಬೆಡ್‌ರೂಮಿನ ಮನೆಯಾದ್ದರಿಂದ ಅಲ್ಲಿಗೂ ಎಲ್ಲ ಕೇಳಿಸುತ್ತಿತ್ತು.

"ಜನ ಆಡ್ಕಂಡಿದ್ದು ನಂಗೂ ಗೊತ್ತಿತ್ತು," ಎಂದರು ಕೆಂಪರಾಜು. "ಅಡಿವೆಪ್ಪ ಒಂದಿನ ಕಾರ್ಖಾನೆ ಕ್ಯಾಂಟೀನ್‌ನಲ್ಲಿ ಎಲ್ಲರ ಮುಂದೆ ಅಂದ. ನಿನ್ನ ಹೆಂಡ್ತಿ ಯಾವಾಗ ಜಪಾನಿಗೆ ಅಂತ. ಅವತ್ತಿಂದ ಅವನ ಜೊತೆ ನಾನು ಮಾತಾಡಿಲ್ಲ."

"ಅಡಿವೆಪ್ಪನಾ?" ಜವರಮ್ಮನ ದನಿ ಏರಿತು. "ಪ್ರತಿ ಭಾನುವಾರ ಮನೆಗೆ ಬರ್ತಿದ್ರಲ್ಲ? ಅವರು ಬರೋದು ಬಿಟ್ಟಿದ್ದು ಅದಕ್ಕಾ? ನಾನು ಏನೋ ಅವರ ಹೆಂಡ್ತಿಗೆ ನನ್ನ ಮೇಲೆ ಬೇಜಾರು ಅಂದ್ಕಂಡಿದ್ನಲ್ಲ."

"ಅದಕ್ಕೇ."

"ನಂಗೆ ಒಂದು ಮಾತು ಹೇಳಲಿಲ್ವಲ್ಲ."

"ಹೇಳಕ್ಕೇನಿತ್ತು ಅದ್ರಲ್ಲಿ?" ಎಂದರು ಅವರು. "ಒಳ್ಳೆ ಮನುಷ್ಯ ಹಯಾಶಿ. ಮುದ್ದೆ ಅಗೀಬೇಡಿ ಸ್ವಾಮಿ, ನುಂಗಿ ಅಂತ ಎಷ್ಟು ಹೇಳಿದ್ರೂ ಅಗೀತಿದ್ದ."

ಜವರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಬಯ್ಯಲು ಶುರು ಮಾಡಿದರು. ಕಾಲಿಗೆ, ಸಿಗರೇಟಿಗೆ, ಒಂದು ತಿಂಗಳು ತನ್ನನ್ನು ಹೀಗೆ ಉರಿಸಿದ್ದಕ್ಕೆ, ಎಲ್ಲಕ್ಕೂ ಸೇರಿಸಿ ಬಯ್ದರು. ಕೆಂಪರಾಜು ಆರಾಮವಾಗಿ ಕೂತು ಕೇಳಿದರು. ಬಿಂದುಶ್ರೀ ಕಾಫಿ ಸೋಸಿ ಮೂರು ಲೋಟಕ್ಕೆ ಹಾಕಿ ತಂದಳು.

ಮರುದಿನದಿಂದ ಜವರಮ್ಮ ಗಂಡನ ನಡಿಗೆಯ ಉಸ್ತುವಾರಿ ವಹಿಸಿಕೊಂಡರು. ಹುಳುಗಳಿಗೆ ಸೊಪ್ಪು ಯಾವಾಗ ಹಾಕಬೇಕು, ಯಾವಾಗ ಹಾಕಬಾರದು ಎಂದು ರೈತರಿಗೆ ಹೇಳಿ ಅಭ್ಯಾಸವಿದ್ದ ದನಿ ಮತ್ತೆ ಬಂತು. ಅಪಾರ್ಟ್‌ಮೆಂಟಿನಿಂದ ಗ್ರೋಸರಿ ಅಂಗಡಿ, ಅಲ್ಲಿಂದ ಲೈಬ್ರರಿ, ಅಲ್ಲಿಂದ ಪಾರ್ಕು. "ಬಂತಾ?" ಎಂದು ಕೇಳುವರು. "ಬಂತು." "ಇನ್ನೊಂದು ಚೂರು." ಆಮೇಲೆ ನಿಲ್ಲುವರು. ನೋವು ಹೋದ ಮೇಲೆ ಮತ್ತೆ. ಮೊದಲ ಎರಡು ವಾರ ಕೆಂಪರಾಜು ಸಿಗರೇಟಿಲ್ಲದೆ ಎಲ್ಲರ ಮೇಲೂ ಸಿಡುಕಿದರು. ಫೆಬ್ರುವರಿ ಮುಗಿಯುವ ಹೊತ್ತಿಗೆ ಮನೆಯಿಂದ ಲೈಬ್ರರಿಯವರೆಗೆ ಮಧ್ಯೆ ನಿಲ್ಲದೆ ಹೋಗತೊಡಗಿದರು. ಬಿಂದುಶ್ರೀ ಸತ್ಯವತಿಗೆ ಫೋನ್ ಮಾಡಿ ಕೇಳಿದಾಗ, ನಿಧಾನವಾಗಿ ಹೋಗುವುದಾದರೆ ಜಪಾನಿಗೆ ಹೋಗಬಹುದು ಎಂದು ಒಪ್ಪಿಗೆ ಸಿಕ್ಕಿತು.

ಬಿಂದುಶ್ರೀ ಫೈಲನ್ನು ಕೆಳಗಿಳಿಸಿ ಹೊಸದಾಗಿ ಯೋಚಿಸಿದಳು. ಐದು ದಿನದ ನಡಿಗೆ ಹೋಗಿ ಒಂದೇ ದಿನದ ನಡಿಗೆಯಾಯಿತು. ಮಾಗೊಮೆ ಎಂಬ ಊರಿನಿಂದ ತ್ಸುಮಾಗೊ ಎಂಬ ಊರಿಗೆ ಹೋಗುವ ದಾರಿ. ನಡುವೆ ಒಂದು ಘಾಟಿ. ಎರಡೂ ಊರಿನಲ್ಲಿ ಒಂದೊಂದು ರಾತ್ರಿ. ಘಾಟಿಯವರೆಗೆ ಬಸ್ಸಿದೆ. ಅಪ್ಪ ಅಲ್ಲಿವರೆಗೆ ಬಸ್ಸಿನಲ್ಲಿ ಬರುವುದು, ತಾನೂ ಅವ್ವನೂ ನಡೆದು ಹತ್ತುವುದು, ಅಲ್ಲಿಂದ ಮೂವರೂ ಸೇರಿ ಇಳಿಯುವುದು. ಸಾಮಾನನ್ನು ಮುಂದಿನ ಊರಿಗೆ ಕಳಿಸಿಕೊಡುವ ವ್ಯವಸ್ಥೆ ಮಾಡುತ್ತೇವೆಂದು ಮಾಗೊಮೆಯ ಛತ್ರದವರು ಫ್ಯಾಕ್ಸ್ ಕಳಿಸಿದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂವರಿಗೂ ಜಪಾನಿನ ವೀಸಾ ಆಯಿತು.

ಮಾರ್ಚಿನಲ್ಲಿ ಒಂದು ಬುಧವಾರ ಬಿಂದುಶ್ರೀಯ ಕಂಪನಿ ಮುಚ್ಚಿತು. ಬೆಳಿಗ್ಗೆ ಎಲ್ಲರನ್ನೂ ಕಾನ್ಫರೆನ್ಸ್ ರೂಮಿಗೆ ಕರೆದು ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಜನ ತಮ್ಮ ಕುರ್ಚಿ, ಗಿಡದ ಕುಂಡ ಎತ್ತಿಕೊಂಡು ಕಾರಿಗೆ ಹಾಕುತ್ತಿದ್ದರು. ಇಂಟರ್ನೆಟ್ ಕಂಪನಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಆ ವರ್ಷ ಅದೇನೂ ಹೊಸ ಸುದ್ದಿಯಾಗಿರಲಿಲ್ಲ. ಅವಳ ಅದೃಷ್ಟಕ್ಕೆ ಹಳೆಯ ಮ್ಯಾನೇಜರೊಬ್ಬರು ಬೇರೆ ಕಡೆ ಕೆಲಸ ಕೊಡಿಸಿದರು. ಆದರೆ ಅವಳ ಕೆಲಸದ ವೀಸಾ ಹೊಸ ಕಂಪನಿಗೆ ಬದಲಾಗುವವರೆಗೆ ದೇಶ ಬಿಟ್ಟು ಹೋಗಬೇಡಿ, ಹೋದರೆ ತಿರುಗಿ ಬರುವುದು ಕಷ್ಟವಾದೀತು ಎಂದು ವಕೀಲರು ಖಂಡಿತವಾಗಿ ಹೇಳಿದರು.

ಅವಳು ಮನೆಗೆ ಬಂದು ವಿಷಯ ತಿಳಿಸಿದಳು. "ನೀವು ನೇರವಾಗಿ ಊರಿಗೆ ಹೋಗೋ ಹಾಗೆ ಟಿಕೆಟ್ ಬದಲಾಯಿಸ್ತೀನಿ. ಜಪಾನು ಇನ್ನೊಂದು ಸಲ ನೋಡೋಣ."

"ಇನ್ನೊಂದು ಸಲ ಯಾವಾಗ?" ಎಂದರು ಜವರಮ್ಮ. "ನಾವಿಬ್ರೇ ಹೋಯ್ತೀವಿ."

"ಅವ್ವ, ಅಲ್ಲಿ ಇಂಗ್ಲಿಷೂ ನಡೆಯಲ್ಲ. ಹಳ್ಳಿ ಅದು. ದಾರಿ ತಪ್ಪಿದ್ರೆ ಯಾರನ್ನ ಕೇಳ್ತೀರ?"

"ಹಯಾಶಿಯೋರಿಗೆ ಕನ್ನಡ ಬರ್ತಿತ್ತಾ? ಮಳವಳ್ಳಿಗೆ ಬಂದು ಎರಡು ವರ್ಷ ಇರಲಿಲ್ವಾ? ನಂಗೆ ಅಷ್ಟೋ ಇಷ್ಟೋ ಬತ್ತದೆ. ಕುವಾ ಅಂದ್ರೆ ಹಿಪ್ಪುನೇರಳೆ. ಮಾಯು ಅಂದ್ರೆ ಗೂಡು. ಮಿಜು ಅಂದ್ರೆ ನೀರು. ಯುಕ್ಕುರಿ ಅಂದ್ರೆ ನಿಧಾನ."

"ಇನ್ನೇನು, ಸಾಕಲ್ಲ ಅಷ್ಟು," ಎಂದರು ಕೆಂಪರಾಜು. "ನೀರು ಗೊತ್ತು, ನಿಧಾನ ಗೊತ್ತು."

ಬಿಂದುಶ್ರೀ ಎರಡು ದಿನ ವಾದ ಮಾಡಿ ಸೋತಳು. ಅವ್ವನೊಬ್ಬಳನ್ನೇ ಕಾಡಿನ ದಾರಿಯಲ್ಲಿ ಹತ್ತಿಸುವುದು ಬೇಡವೆಂದು, ಇಬ್ಬರೂ ಘಾಟಿಯವರೆಗೆ ಬಸ್ಸಿನಲ್ಲೇ ಹೋಗಬೇಕೆಂದು ಪ್ಲಾನು ತಿದ್ದಿದಳು. ರೈಲು ಬದಲಾಯಿಸುವ ಪ್ರತಿ ಸ್ಟೇಷನ್ನಿನ ಹೆಸರನ್ನು ಕನ್ನಡದಲ್ಲೂ ಜಪಾನಿ ಅಕ್ಷರದಲ್ಲೂ ದಪ್ಪಗೆ ಪ್ರಿಂಟು ತೆಗೆದು ಕೊಟ್ಟಳು. ಏಪ್ರಿಲ್ ಮೊದಲ ವಾರ ಏರ್‌ಪೋರ್ಟಿನಲ್ಲಿ ಬಿಟ್ಟು ಬಂದಾಗ ಅಪಾರ್ಟ್‌ಮೆಂಟು ದೊಡ್ಡದಾಗಿ ಕಂಡಿತು.

ಟೋಕಿಯೊದಿಂದ ಒಂದು ಫೋನು ಬಂತು, ತಲುಪಿದೆವು ಎಂದು. ನಗೋಯಾದಿಂದ ಇನ್ನೊಂದು. ಆಮೇಲೆ ಬೆಟ್ಟದ ಎರಡು ರಾತ್ರಿ ಫೋನು ಬರುವುದಿಲ್ಲವೆಂದು ಮೊದಲೇ ಮಾತಾಗಿತ್ತು. ಮೂರನೆಯ ದಿನ ಟೋಕಿಯೊ ಹೋಟೆಲಿಗೆ ಹಿಂತಿರುಗಿ ಮಾಡಬೇಕಿತ್ತು. ಆ ದಿನ ಫೋನು ಬರಲಿಲ್ಲ. ಬಿಂದುಶ್ರೀ ಹೋಟೆಲಿಗೇ ಫೋನ್ ಮಾಡಿದಳು. ಅವರಿನ್ನೂ ಬಂದಿಲ್ಲ ಎಂದರು. ತ್ಸುಮಾಗೊದ ಛತ್ರಕ್ಕೆ ಮಾಡಿದಳು. ಅಲ್ಲಿಯ ಹೆಂಗಸು ಜಪಾನಿಯಲ್ಲಿ ಬಹಳ ಹೊತ್ತು ಏನೋ ಹೇಳಿದಳು. ನಡುವೆ ಒಮ್ಮೆ "ಜವರಮ್ಮ-ಸಾನ್" ಎಂಬುದಷ್ಟೇ ತಿಳಿಯಿತು. ಆಕೆ ನಕ್ಕಂತೆಯೂ ಕೇಳಿಸಿತು, ಆದರೆ ಅದು ನಗುವೋ, ಅಲ್ಲಿಯ ಮರ್ಯಾದೆಯೋ ಬಿಂದುಶ್ರೀಗೆ ಗೊತ್ತಾಗಲಿಲ್ಲ. ಇಡೀ ದಿನ ಅವಳು ಫೋನಿನ ಪಕ್ಕ ಬಿಟ್ಟು ಏಳಲಿಲ್ಲ. ಅಪ್ಪನ ಕಾಲು, ಹೃದಯ, ಒದ್ದೆ ಕಲ್ಲು, ಏನೇನೋ ಕಣ್ಣ ಮುಂದೆ ಬಂತು. ಕಳಿಸಲೇಬಾರದಿತ್ತು ಎಂದುಕೊಂಡಳು.

ಸಂಜೆ, ಜಪಾನಿನಲ್ಲಿ ಆಗಲೇ ಮಾರನೆಯ ಬೆಳಿಗ್ಗೆ, ಫೋನ್ ರಿಂಗಾಯಿತು.

"ನಾನು ಕಣವ್ವ," ಎಂದರು ಕೆಂಪರಾಜು. "ನಗೋಯಾ ಸ್ಟೇಷನ್ನು. ಫೋನ್ ಕಾರ್ಡಿನಲ್ಲಿ ಜಾಸ್ತಿ ಹೊತ್ತಿಲ್ಲ, ಸುಮ್ನೆ ಕೇಳು."

"ಎಲ್ಲಿ ಹೋಗಿದ್ರಿ ಅಪ್ಪ? ನಾನಿಲ್ಲಿ..."

"ಗೊತ್ತು, ಗೊತ್ತು. ಹಳ್ಳಿ ಫೋನಿನಲ್ಲಿ ಹೊರದೇಶಕ್ಕೆ ಹೋಗಲಿಲ್ಲ. ನಿಮ್ಮವ್ವ ಬಸ್ಸೇ ಹತ್ತಲಿಲ್ಲ, ಕೇಳಿದ್ಯಾ? ಮಾಗೊಮೆ ಬಸ್‌ಸ್ಟಾಪಿನಲ್ಲಿ, ನೀವು ಹೋಗಿರಿ, ನಾನು ನಡ್ಕೊಂಡು ಬತ್ತೀನಿ ಅಂದ್ಲು. ನಾನು ಘಾಟಿಯಲ್ಲಿ ಇಳಿದು ಚಹಾ ಅಂಗಡಿಯಲ್ಲಿ ಕಾದೆ, ಕಾದೆ. ಬರಲೇ ಇಲ್ಲ. ಬೇರೆ ಜನ ಎಲ್ಲ ಬಂದ್ರು, ಇವಳಿಲ್ಲ. ಕೂತಿರಕ್ಕಾಯ್ತದಾ? ನಾನೇ ಇಳಿದು ಹೊರಟೆ."

"ಕೆಳಗಾ? ಆ ಏರು ಮತ್ತೆ ಹತ್ತಬೇಕಲ್ಲಪ್ಪ!"

"ಅದೆಲ್ಲ ಆಗ ಯಾರಿಗೆ ಯೋಚನೆ? ಅರ್ಧ ದಾರಿಯಲ್ಲಿ ಒಂದು ಮರದ ಬುಡದಲ್ಲಿ ಕೂತವ್ಳೆ. ಉಸಿರು ಸಾಲ್ದು. ಮಂಡ್ಯದಲ್ಲೂ ಸಮ ರಸ್ತೆ, ನಿಮ್ಮೂರಲ್ಲೂ ಸಮ ರಸ್ತೆ, ಏರು ಎಲ್ಲಿ ಹತ್ತಿದ್ಲು ಅವಳು? ಆಮೇಲೆ ಇಬ್ರೂ ಸೇರಿ ಹತ್ತಿದ್ವು. ಅವಳಿಗೆ ಉಸಿರು ಬಂದಾಗ ನಂಗೆ ಕಾಲು ಹಿಡ್ಕಳಾದು. ನಂಗೆ ಕಾಲು ಬಿಟ್ಟಾಗ ಅವಳಿಗೆ ಉಸಿರು ಕಟ್ಟಾದು. ಘಾಟಿ ಮುಟ್ಟೋ ಹೊತ್ತಿಗೆ ಕೊನೇ ಬಸ್ಸು. ಅದು ಹತ್ತಿ ತ್ಸುಮಾಗೊಗೆ ಹೋಗಿ ಬಿದ್ಕಂಡ್ವು."

"ಹಾಗಾದ್ರೆ ನಿನ್ನೆ ಯಾಕೆ ವಾಪಸು ಬರಲಿಲ್ಲ?"

"ಇನ್ನೊಂದರ್ಧ ಉಳಿದಿತ್ತಲ್ಲ. ಬೆಳಿಗ್ಗೆ ಎದ್ದು, ಇಷ್ಟು ದೂರ ಬಂದು ಅರ್ಧಕ್ಕೆ ಬಿಟ್ಟು ಹೋಗಾದಾ ಅಂದೆ. ಛತ್ರದ ಯಮ್ಮಂಗೆ ಕೈಸನ್ನೆ ಮಾಡಿ ಇನ್ನೊಂದು ರಾತ್ರಿ ಇಟ್ಕೋ ಅಂದ್ವು. ಮತ್ತೆ ಬಸ್ಸಿನಲ್ಲಿ ಘಾಟಿಗೆ ಹೋಗಿ ಅಲ್ಲಿಂದ ಇಳಿದ್ವು. ಸಾಯಂಕಾಲ ಆಯ್ತು. ತಗೋ, ನಿಮ್ಮವ್ವ ಕಿತ್ಕತ್ತಾವ್ಳೆ."

"ಬಿಂದು," ಎಂದರು ಜವರಮ್ಮ. "ಗಾಬರಿಯಾದ್ಯಾ?"

"ಮತ್ತೆ ಆಗಲ್ವಾ? ಬಸ್ಸು ಹತ್ತಿ ಅಂತ ಬರೆದು ಕೊಟ್ಟಿದ್ದೆ ತಾನೆ?" ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಮೂಗು ಒರೆಸಿಕೊಂಡಳು. "ದಾರಿ ಹೇಗಿತ್ತು ಹೇಳು."

"ಚೆನ್ನಾಗಿತ್ತು. ದೊಡ್ಡ ದಾರಿ ಅಂದ್ಕಂಡಿದ್ದೆ, ಸಣ್ಣದು. ಕೆಲವು ಕಡೆ ಇಬ್ರು ಪಕ್ಕಪಕ್ಕ ನಡೆಯಕ್ಕಾಗಲ್ಲ. ಕಲ್ಲೆಲ್ಲ ಪಾಚಿ. ನಿಮ್ಮಪ್ಪ ಮುಂದೆ ಹೋಗಿ ಕೈ ಕೊಟ್ರು." ಹಿಂದೆ ರೈಲಿನ ಘೋಷಣೆ ಕೇಳಿಸಿತು. "ಕೇಳಿಲ್ಲಿ, ಇವರಿಗೆ ಬುಲೆಟ್ ರೈಲಿನಲ್ಲಿ ಕಿಟಕಿ ಪಕ್ಕ ಬೇಕಂತೆ. ಹೆಂಗೆ ಕೇಳಾದು?"

ಬಿಂದುಶ್ರೀ ಹೇಳಿಕೊಡುವಷ್ಟರಲ್ಲಿ ಕಾರ್ಡು ಮುಗಿದು ಫೋನು ಕಡಿಯಿತು. ಅವಳು ಟೋಕಿಯೊ ಹೋಟೆಲಿಗೆ ಫೋನ್ ಮಾಡಿ, ತನ್ನ ಅಪ್ಪ ಅಮ್ಮ ಒಂದು ದಿನ ತಡವಾಗಿ ಬರುತ್ತಿದ್ದಾರೆ, ರೂಮು ಬೇರೆಯವರಿಗೆ ಕೊಡಬೇಡಿ ಎಂದು ಹೇಳಿದಳು.